ಬೇಸ್‌ಬಾಲೂ, ಅಕ್ಕನೂ, ಗಡ್ಡದ ಬ್ಯಾಟ್ಸ್‌ಮನ್ನೂ..

ಬೇಸ್‌ಬಾಲ್ ಗೇಮಿನ ಬಗ್ಗೆ ಬರೀತೇನೆ ಅಂದ್ರೆ ನೀವೆಲ್ಲ ನಗ್ತೀರಿ ಅಂತ ಗೊತ್ತು. ಹೊನ್ನಾವರದವನಿಗೂ ಬೇಸ್‌ಬಾಲಿಗೂ ಎಂತ ಸಂಬಂಧ ಮಾರಾಯಾ ಅಂತ ಕೇಳಬಹುದು. ಕೇಳಿ, ಪರವಾಗಿಲ್ಲ. ಆದ್ರೆ ಮೊದಲು ನನ್ನ ಒಂದು ಪ್ರಶ್ನೆಗೆ ಉತ್ತರ ಹೇಳಿ. ತೊಂಬತ್ತರ ದಶಕದಲ್ಲಿ ಟಿವಿಗೆ ಸಿಕ್ಕಿಸಿ ಆಡುವ ಗೇಮು ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇತ್ತಲ್ವಾ? ಅದರ ಕ್ಯಾಸೆಟ್ ಹಾಕಿದರೆ ಮಾರಿಯೋ, ಕಾಂಟ್ರಾ, ಬಾತುಕೋಳಿ ಹೊಡೆಯೋದು ಅಂತೆಲ್ಲ ಉದ್ದ ಪಟ್ಟಿ ಬರ್ತಿತ್ತು. ಆ ಪಟ್ಟಿಯ ನಡುವೆ ಎಲ್ಲೋ ಒಂದು ಕಡೆ ಬೇಸ್‌ಬಾಲ್ ಅಂತಲೂ ಇರ್ತಿತ್ತು. ನೆನಪಾಯ್ತಾ?

ನಮ್ಮ ಮನೆಗೆ ಅದು ಬಂದದ್ದು 1996ರ ಬೇಸಿಗೆ ರಜೆಯಲ್ಲಿ, ಭಟ್ಕಳದಿಂದ. ಆಗ ನಮ್ಮ ಕಡೆಯವರಿಗೆ ಫಾರಿನ್ ಸಾಮಾನು ಅಂದ್ರೆ ಭಟ್ಕಳವೇ. ಅಲ್ಲಿಯ ಮನೆಮನೆಯಿಂದ ಯಾರಾದರೊಬ್ಬರು ಗಲ್ಫಿನಲ್ಲಿ ಇರ್ತಿದ್ರು. ಟಾರ್ಚು, ಸೆಂಟು, ಕಂಬಳಿ, ಟೇಪ್ ರೆಕಾರ್ಡರು ಎಲ್ಲ ಮೊದಲು ಅಲ್ಲಿಗೆ ಬಂದು ಆಮೇಲೆ ನಮ್ಮಲ್ಲಿಗೆ ಬರ್ತಿತ್ತು. ಅಪ್ಪಯ್ಯ ಅಡಿಕೆ ವ್ಯವಹಾರದ ಮೇಲೆ ಹೋದವರು ವಾಪಸು ಬರುವಾಗ ಆ ಡಬ್ಬಿ ಹಿಡ್ಕೊಂಡು ಬಂದಿದ್ರು. ನನಗೆ ಎಂಟು ವರ್ಷ, ಅಕ್ಕನಿಗೆ ಹನ್ನೆರಡು.

ಆ ಬೇಸ್‌ಬಾಲಿನ ಪೂರ್ವಾಪರ ನನಗೆ ಗೊತ್ತಾದದ್ದು ಎಷ್ಟೋ ವರ್ಷದ ನಂತರ. ನಿಂಟೆಂಡೋ ಕಂಪನಿ 1983ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಬಿಟ್ಟ ಆಟ ಅದು. 1985ರಲ್ಲಿ ನ್ಯೂಯಾರ್ಕಿನಲ್ಲಿ ಅವರ ಯಂತ್ರ ಮೊದಲು ಮಾರಾಟಕ್ಕೆ ಬಂದಾಗಲೂ ಜತೆಗಿತ್ತು. ನಮ್ಮ ಕೈಗೆ ಸಿಕ್ಕಿದ್ದು ಅದರ ನಕಲಿನ ನಕಲು. ಆಟಗಾರರಿಗೆ ಹೆಸರಿಲ್ಲ. ತಂಡಗಳಿಗೂ ಒಂದೊಂದು ಅಕ್ಷರ, ಒಂದೊಂದು ಬಣ್ಣ, ಅಷ್ಟೇ. ಚೆಂಡು ಹೊಡೆದ ಮೇಲೆ ಫೀಲ್ಡರುಗಳು ಅವರಷ್ಟಕ್ಕೇ ಓಡ್ತಾರೆ, ಯಾವ ಬೇಸಿಗೆ ಎಸೆಯಬೇಕು ಅನ್ನೋದು ಮಾತ್ರ ನಮ್ಮ ಕೈಯಲ್ಲಿ.

ನಿಯಮ ಹೇಳಿಕೊಡುವವರು ಯಾರಿದ್ದಾರೆ? ನಾವೇ ಕಂಡುಹಿಡಿದೆವು. ಇಲ್ಲಿ ಎಲ್ಲಾ ಬಾಲೂ ಫುಲ್ ಟಾಸು. ಮೂರು ಸಲ ಬೀಸಿ ತಪ್ಪಿದರೆ ಔಟು. ನಾಲ್ಕು ವೈಡ್ ಬಿದ್ದರೆ ಓಡುವುದೇ ಬೇಡ, ಧಣಿಗಳ ಹಾಗೆ ನಡಕೊಂಡು ಹೋಗಬಹುದು! ಈ ಕೊನೆಯ ನಿಯಮ ಕಂಡುಹಿಡಿದವಳು ಅಕ್ಕ. ಆಮೇಲೆ ಒಂದು ವಾರ ಅವಳು ಬೀಸಲೇ ಇಲ್ಲ, ಸುಮ್ಮನೆ ನಿಂತು ನಡಕೊಂಡೇ ಹೋಗಿ ನನ್ನನ್ನು ಸೋಲಿಸಿದಳು. :-)

ಮಳೆಗಾಲ ಶುರುವಾದ ಮೇಲೆ ಕರೆಂಟು ಹೋದರೆ ಎರಡು ಮೂರು ದಿನ ಬರ್ತಿರಲಿಲ್ಲ. ಆವಾಗ ಬೇಸ್‌ಬಾಲೂ ಇಲ್ಲ, ಎಂತದ್ದೂ ಇಲ್ಲ. ನಿಜವಾದ ಆಟ ಇದ್ದದ್ದು ಗದ್ದೆ ಕೊಯ್ಲಾದ ಮೇಲೆ. ತೆಂಗಿನ ಹೆಡೆಯ ಬುಡ ಕೆತ್ತಿದ ಬ್ಯಾಟು, ಬೇಣದ ಅಂಚು ಬೌಂಡರಿ, ತೋಟಕ್ಕೆ ಬಿದ್ದರೆ ಔಟು. ಕೇರಿಯ ಹನ್ನೊಂದು ಮಂದಿಯಲ್ಲಿ ಅಕ್ಕ ಒಬ್ಬಳೇ ಹುಡುಗಿ, ಎಲ್ಲರಿಗಿಂತ ಚೊಲೋ ಆಡ್ತಿದ್ದವಳೂ ಅವಳೇ. ಅವಳ ಎಸೆತ ನೇರ ಗೂಟಕ್ಕೇ ಬರ್ತಿತ್ತು. ದೊಡ್ಡ ಹುಡುಗರೂ ತಂಡ ಮಾಡುವಾಗ ಅವಳನ್ನು ಮೊದಲು ಕರೀತಿದ್ರು.

1997ರಲ್ಲಿ ಒಂದು ಸಂಜೆ ಅಕ್ಕ ಗದ್ದೆಗೆ ಹೊರಟವಳನ್ನು ಆಯಿ ಬಾಗಿಲಲ್ಲೇ ನಿಲ್ಲಿಸಿದಳು. "ದೊಡ್ಡ ಆದೆ ಕೂಸೆ, ಇನ್ನು ಸಾಕು." ಇಷ್ಟೇ ಮಾತು. ಬೈಗುಳ ಇಲ್ಲ, ಹೊಡೆತ ಇಲ್ಲ. ಅಕ್ಕ ಚಪ್ಪಲಿ ತೆಗೆದಿಟ್ಟು ಒಳಗೆ ಹೋದಳು. ಶಾಲೆಯಲ್ಲಿ ಹುಡುಗಿಯರಿಗೆ ಥ್ರೋಬಾಲ್ ಇತ್ತು. ಎರಡು ವರ್ಷ ಅದನ್ನು ಆಡಿದಳು, ಕಪ್ಪೂ ತಂದಳು. ಆದರೆ ಯಾವತ್ತೂ ಆ ಆಟದ ಬಗ್ಗೆ ಊಟಕ್ಕೆ ಕೂತಾಗ ಮಾತಾಡಿದ್ದು ನನಗೆ ನೆನಪಿಲ್ಲ.

ಆಯಿಯದ್ದು ತಪ್ಪು ಅಂತ ನಾನು ಇಲ್ಲಿ ಬರೆಯೋದಿಲ್ಲ. ಆಗ ನಮ್ಮೂರಿನ ಯಾವ ಆಯಿಯಾದರೂ ಅದನ್ನೇ ಹೇಳ್ತಿದ್ದಳು. ಟಿವಿಯಲ್ಲಿ ಕ್ರಿಕೆಟ್ ಅಂದರೆ ಗಂಡಸರದ್ದು ಮಾತ್ರ. ನಮ್ಮ ಕರ್ನಾಟಕದವರೇ ಆದ ಶಾಂತಾ ರಂಗಸ್ವಾಮಿ 1976ರಲ್ಲೇ ಭಾರತದ ಮಹಿಳಾ ತಂಡಕ್ಕೆ ನಾಯಕಿಯಾಗಿದ್ದರು, ಅದೇ ವರ್ಷದ ಅರ್ಜುನ ಪ್ರಶಸ್ತಿಯೂ ಅವರಿಗೆ ಬಂದಿತ್ತು ಅನ್ನುವ ವಿಷಯ ನಮ್ಮ ಕೇರಿಗೆ ತಲುಪಿಯೇ ಇರಲಿಲ್ಲ.

ಈಗ ಕುಮಟೆಗೆ ಬನ್ನಿ. 2007. ನಾನು ಡಿಗ್ರಿಗೆ ಅಂತ ದಿನಾ ಹೊನ್ನಾವರದಿಂದ ಕುಮಟೆಗೆ ಬಸ್ಸಿನಲ್ಲಿ ಹೋಗಿಬರ್ತಿದ್ದೆ. ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಸೈಬರಿನಲ್ಲಿ ತಾಸಿಗಿಷ್ಟು ಅಂತ ಕೊಟ್ಟು 'ಕ್ರಿಕೆಟ್ 07' ಆಡೋದು ನಮ್ಮ ಕೆಲಸ. ಇಎ ಸ್ಪೋರ್ಟ್ಸ್‌ನವರು 2006ರ ಕೊನೆಗೆ ತಂದ ಗೇಮು ಅದು. ನಿಮ್ಮಲ್ಲಿ ಅರ್ಧ ಜನ ಅದನ್ನು ಆಡಿಯೇ ಪರೀಕ್ಷೆ ಕೆಡಿಸಿಕೊಂಡವರು ಅಂತ ನನಗೆ ಗೊತ್ತು. ಮಾರ್ಕ್ ನಿಕೋಲಸ್ ಕಾಮೆಂಟರಿ ಈಗಲೂ ಕಿವಿಯಲ್ಲಿ ಇರಬೇಕು.

ಆ ಗೇಮಿನಲ್ಲಿ ಒಂದು ತಮಾಷೆ ಇತ್ತು. ಆಸ್ಟ್ರೇಲಿಯಾ, ಇಂಗ್ಲೆಂಡ್ ಆಟಗಾರರಿಗೆ ಸರಿಯಾದ ಹೆಸರು, ನಮ್ಮವರಿಗೆ ತಿರುಚಿದ ಹೆಸರು. ಕಾರಣ ಲೈಸೆನ್ಸು. ಹೆಸರೂ ಒಂದು ಆಸ್ತಿ, ಅದನ್ನು ಬಳಸಲು ದುಡ್ಡು ಕೊಟ್ಟು ಒಪ್ಪಂದ ಮಾಡ್ಕೋಬೇಕು. ಒಪ್ಪಂದ ಇಲ್ಲದಿದ್ದರೆ ಆಡುವ ಶೈಲಿ ಅವನದೇ, ಹೆಸರು ಮಾತ್ರ ಬೇರೆ. ಅದಕ್ಕೇ ಎಲ್ಲರೂ ಗೇಮು ಹಾಕಿದ ಕೂಡಲೇ ಮಾಡುವ ಮೊದಲ ಕೆಲಸ ಹೆಸರು ತಿದ್ದುವುದು. ಯಾರೋ ಎಲ್ಲೋ ಕೂತು ತಿದ್ದಿದ ಪಟ್ಟಿಗಳು, ಹೊಸ ಜೆರ್ಸಿಗಳು, ಹೊಸ ಸ್ಟೇಡಿಯಮ್ಮುಗಳು ಸಿಡಿಯಿಂದ ಸಿಡಿಗೆ, ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ಓಡಾಡ್ತಿದ್ವು. ಕಂಪನಿ ಆಮೇಲೆ ಕ್ರಿಕೆಟ್ ಗೇಮು ಮಾಡುವುದನ್ನೇ ಬಿಟ್ಟಿತು. ಅಭಿಮಾನಿಗಳು ಬಿಡಲಿಲ್ಲ. ವರ್ಷಾನುವರ್ಷ ಹೊಸ ಆಟಗಾರರನ್ನು ಅದೇ ಹಳೇ ಗೇಮಿಗೆ ತುಂಬುತ್ತಾ ಬಂದರು.

ಬೇಸ್‌ಬಾಲಿನಲ್ಲೂ ಡಿಟ್ಟೋ ಇದೇ ಕಥೆ. ಬ್ಯಾರಿ ಬಾಂಡ್ಸ್ ಅಂತ ಸಿಡಿಲಿನ ಹಾಗೆ ಹೊಡೆಯುವ ಆಟಗಾರ ಇದ್ದ. ಆಟಗಾರರ ಸಂಘದ ಲೈಸೆನ್ಸ್ ಒಪ್ಪಂದದಿಂದ ಅವನು ಹೊರಗೆ ಬಂದ. ಆಗ 'ಎಂವಿಪಿ ಬೇಸ್‌ಬಾಲ್' ಗೇಮಿನಲ್ಲಿ ಅವನ ಜಾಗದಲ್ಲಿ ಜಾನ್ ಡೌಡ್ ಅನ್ನುವ, ಭೂಮಿ ಮೇಲೆ ಇಲ್ಲದ ಮನುಷ್ಯನೊಬ್ಬ ಬಂದು ನಿಂತ. ಹೊಡೆತ ಮಾತ್ರ ಬಾಂಡ್ಸನದ್ದೇ! ಆ ಸರಣಿಯ 2005ರ ಗೇಮಿಗೂ ನಮ್ಮ ಕ್ರಿಕೆಟ್ 07ರದ್ದೇ ಗತಿ, ಅದೇ ಭಾಗ್ಯ. ಲೈಸೆನ್ಸು ಬೇರೆ ಕಂಪನಿಯ ಪಾಲಾಯ್ತು, ಅಭಿಮಾನಿಗಳು ಮಾತ್ರ ಆ ಹಳೇ ಗೇಮಿಗೇ ಹೊಸ ಆಟಗಾರರನ್ನು ಸೇರಿಸುತ್ತಾ ಹೋದರು.

ಇರಲಿ. ಕುಮಟೆಯ ಆ ಸೈಬರಿನಲ್ಲಿ ನಾನು ಒಂದು ಇಡೀ ಮಧ್ಯಾಹ್ನ ಕೂತು ಒಂದು ತಂಡದ ಹೆಸರುಗಳನ್ನೆಲ್ಲ ಅಳಿಸಿ ನಮ್ಮ ಕೇರಿಯ ಹನ್ನೊಂದು ಮಂದಿಯ ಹೆಸರು ಹಾಕಿದೆ. ಅಕ್ಕನಿಗೆ ಆ ವರ್ಷ ಮದುವೆ ನಿಕ್ಕಿಯಾಗಿತ್ತು, ಭಾವ ಅಮೆರಿಕದಲ್ಲಿ. ಹೊರಡುವ ಮೊದಲು ಅವಳಿಗೆ ತೋರಿಸಬೇಕು ಅಂತ ಆಸೆ. ಆದರೆ ಆ ಗೇಮಿನಲ್ಲಿ ಹೆಂಗಸರೇ ಇಲ್ಲ. ಅಂಪೈರು, ಆಟಗಾರರು ಎಲ್ಲ ಗಂಡಸರೇ. ಕಡೆಗೆ ಅಕ್ಕನ ಹೆಸರಿನ ಮೊದಲ ಅಕ್ಷರ ಒಂದು, ಅದರ ಮುಂದೆ ಅಡ್ಡಹೆಸರು, ಇಷ್ಟು ಬರೆದೆ. ಓದಿದವರಿಗೆ ಗಂಡೋ ಹೆಣ್ಣೋ ತಿಳಿಯೋದಿಲ್ಲ. ಆ ಹೆಸರು ಹೊತ್ತು ಕ್ರೀಸಿಗೆ ಬಂದವನಿಗೆ ಮಾತ್ರ ಕಪ್ಪಗೆ ಗಡ್ಡ!

ಅಕ್ಕ ಬಟ್ಟೆ ತಗೊಳ್ಳಲು ಕುಮಟೆಗೆ ಬಂದವಳು ಅದನ್ನು ನೋಡಿ ಹೊಟ್ಟೆ ಹಿಡ್ಕೊಂಡು ನಕ್ಕಳು. ಆಮೇಲೆ ಕೀಬೋರ್ಡ್ ತಗೊಂಡು ಮೂರು ಓವರ್ ಆಡಿದಳು. ಏಳುವಾಗ, "ತಮಾ, ಗಡ್ಡ ಇರ್ಲಿ, ಅಡ್ಡಿಲ್ಲೆ. ಓಪನಿಂಗ್ ಕಳಿಸಿದ್ಯಲ, ಅಷ್ಟು ಸಾಕು" ಅಂದಳು.

ಅವಳು ಹೋಗಿ ನೆಲೆಸಿದ್ದು ಕನ್ಸಾಸ್ ಸಿಟಿಯಲ್ಲಿ. ಊರಿನ ಹೆಸರು ಕೇಳಿದರೆ ನಮಗೆ ಏನೂ ಅನ್ನಿಸೋದಿಲ್ಲ. ಬೇಸ್‌ಬಾಲ್ ಗೊತ್ತಿದ್ದವರಿಗೆ ಅದು ದೊಡ್ಡ ಕ್ಷೇತ್ರ. ಕರಿಯ ಜನರನ್ನು ದೊಡ್ಡ ಲೀಗಿನೊಳಗೆ ಬಿಟ್ಟುಕೊಳ್ಳದ ಕಾಲ ಅದು. ರೂಬ್ ಫಾಸ್ಟರ್ ಅನ್ನುವವರು ಬೇರೆ ತಂಡಗಳ ಮಾಲೀಕರನ್ನು ಸೇರಿಸಿಕೊಂಡು 1920ರ ಫೆಬ್ರವರಿಯಲ್ಲಿ ತಮ್ಮದೇ ನೀಗ್ರೋ ನ್ಯಾಷನಲ್ ಲೀಗ್ ಕಟ್ಟಿದ್ದು ಆ ಊರಿನ ಒಂದು ವೈಎಂಸಿಎ ಕಟ್ಟಡದಲ್ಲಿ. ಅಲ್ಲಿಯ ಮೊನಾರ್ಕ್ಸ್ ತಂಡದಲ್ಲಿ 1945ರಲ್ಲಿ ಆಡಿದ ಜಾಕಿ ರಾಬಿನ್ಸನ್ನೇ 1947ರಲ್ಲಿ ಆ ಗೋಡೆ ಒಡೆದು ದೊಡ್ಡ ಲೀಗಿಗೆ ಕಾಲಿಟ್ಟದ್ದು. ಆ ಲೀಗುಗಳ ನೆನಪಿಗೆ 1990ರಲ್ಲಿ ಒಂದು ಮ್ಯೂಸಿಯಂ ಕೂಡಾ ಅಲ್ಲೇ ಶುರುವಾಯ್ತು.

ಅಕ್ಕನ ಮಗಳು ಹುಟ್ಟಿದ್ದು 2011ರಲ್ಲಿ. ಶಾಲೆಯಿಂದ ಆ ಮ್ಯೂಸಿಯಮ್ಮಿಗೆ ಹೋಗಿ ಬಂದವಳಿಗೆ ಬೇಸ್‌ಬಾಲಿನ ಹುಚ್ಚು ಹಿಡೀತು. 2023ರ ಮಾರ್ಚಿನಲ್ಲಿ 'ಎಂಎಲ್‌ಬಿ ದ ಶೋ 23' ಗೇಮು ಬಂತು. ಅದರಲ್ಲಿ ಹೊಸದಾಗಿ ಸ್ಟೋರಿಲೈನ್ಸ್ ಅಂತ ಒಂದು ಭಾಗ. ಅದೇ ಮ್ಯೂಸಿಯಮ್ಮಿನ ಅಧ್ಯಕ್ಷ ಬಾಬ್ ಕೆಂಡ್ರಿಕ್ ಕಟ್ಟೆಯ ಮೇಲೆ ಕೂತ ಅಜ್ಜನ ಹಾಗೆ ಹಳೇ ಆಟಗಾರರ ಕಥೆ ಹೇಳ್ತಾರೆ, ನಡುನಡುವೆ ಆ ಕಥೆಯ ತುಣುಕನ್ನು ನೀವೇ ಆಡಬೇಕು. ನಲವತ್ತೆರಡನೇ ವಯಸ್ಸಿಗೆ, 1948ರಲ್ಲಿ, ದೊಡ್ಡ ಲೀಗಿಗೆ ಬಂದ ಸ್ಯಾಚೆಲ್ ಪೇಜ್ ಆಗಿ ನೀವು ಚೆಂಡು ಎಸೀಬಹುದು. ಮೊದಲ ವರ್ಷ ಎಂಟು ಜನರ ಕಥೆ ಇತ್ತು. "ಮಾವಾ, ಇವರ್ಯಾರೂ ನಾನು ಸುಮ್ನೆ ಬರ್ದ ಹೆಸ್ರಲ್ಲ, ನಿಜ್ವಾಗ್ಲೂ ಇದ್ದವ್ರು" ಅಂತ ಸೊಸೆ ನನಗೆ ಫೋನಿನಲ್ಲಿ ಪಾಠ ಮಾಡಿದಳು.

ಮುಂದಿನ ವರ್ಷದ 'ದ ಶೋ 24'ರಲ್ಲಿ ಜಾಶ್ ಗಿಬ್ಸನ್ ಬಂದ. 1947ರ ಜನವರಿಯಲ್ಲಿ, ಅಂದ್ರೆ ರಾಬಿನ್ಸನ್ ಗೋಡೆ ಒಡೆಯುವುದಕ್ಕೆ ಮೂರೇ ತಿಂಗಳು ಮೊದಲು, 35ನೇ ವಯಸ್ಸಿಗೆ ತೀರಿಕೊಂಡ ಮನುಷ್ಯ. 2024ರ ಮೇ ತಿಂಗಳಲ್ಲಿ 1920ರಿಂದ 1948ರವರೆಗಿನ ಆ ಲೀಗುಗಳ ಲೆಕ್ಕವನ್ನು ಅಧಿಕೃತ ದಾಖಲೆಗೆ ಸೇರಿಸಿದರು. .372 ಸರಾಸರಿಯ ಗಿಬ್ಸನ್ .367ರ ಟೈ ಕಾಬ್‌ನನ್ನು ದಾಟಿ ಸಾರ್ವಕಾಲಿಕ ಪಟ್ಟಿಯ ತುದಿಗೆ ಬಂದ, ಸತ್ತು 77 ವರ್ಷದ ನಂತರ!

ಅದೇ ಗೇಮಿನಲ್ಲಿ ಇನ್ನೊಬ್ಬರು ಬಂದರು. ಟೋನಿ ಸ್ಟೋನ್. ನಿಜವಾದ ಹೆಸರು ಮಾರ್ಸೀನಿಯಾ. 1953ರಲ್ಲಿ ಇಂಡಿಯಾನಾಪೊಲಿಸ್ ಕ್ಲೌನ್ಸ್ ತಂಡದಲ್ಲಿ, ಮರುವರ್ಷ ಕನ್ಸಾಸ್ ಸಿಟಿ ಮೊನಾರ್ಕ್ಸ್‌ನಲ್ಲಿ, ಗಂಡಸರ ನಡುವೆ ಎರಡನೇ ಬೇಸಿನಲ್ಲಿ ನಿಂತು ಆಡಿದ ಹೆಂಗಸು. ಲಂಗ ಹಾಕ್ಕೊಂಡು ಆಡು, ಜನ ಬರ್ತಾರೆ ಅಂತ ಮಾಲೀಕ ಹೇಳಿದ್ದಕ್ಕೆ ಆಗೋದಿಲ್ಲ ಅಂದವಳು. ಇದನ್ನು ಹೇಳುವಾಗ ಅಕ್ಕನ ದನಿಯೇ ಬೇರೆ ಇತ್ತು.

2024ರ ಆ ಗೇಮಿನಲ್ಲಿ ಇನ್ನೂ ಒಂದು ಹೊಸತು. ನಮ್ಮದೇ ಆಟಗಾರನನ್ನು ಮಾಡಿ ಕೆಳಗಿನ ಲೀಗಿನಿಂದ ಮೇಲಕ್ಕೆ ಕರೆದೊಯ್ಯುವ ಭಾಗ ಮೊದಲಿಂದಲೂ ಇತ್ತು. ಆ ವರ್ಷ ಮೊದಲ ಬಾರಿಗೆ ಅಲ್ಲಿ ಹುಡುಗಿಯನ್ನೂ ಮಾಡಬಹುದಾಯ್ತು. ಬರೀ ಜಡೆ ಅಂಟಿಸಿ ಬಿಟ್ಟದ್ದಲ್ಲ. ಅವಳಿಗೆ ಅವಳದ್ದೇ ಕಥೆ, ಬಾಲ್ಯದ ಗೆಳತಿ, ಬಟ್ಟೆ ಬದಲಿಸಲು ಬೇರೆ ಕೋಣೆ ಕೂಡಾ ಇದೆ. ಇಂಥ ಸಣ್ಣ ವಿಷಯ ಯಾರು ಯೋಚಿಸ್ತಾರೆ ಹೇಳಿ? ಕ್ರಿಕೆಟ್ ಗೇಮುಗಳಲ್ಲಿ ಈ ಬದಲಾವಣೆ ಅದಕ್ಕೂ ಮೊದಲೇ ಆಗಿತ್ತು. 'ಡಾನ್ ಬ್ರಾಡ್ಮನ್ ಕ್ರಿಕೆಟ್ 17'ರಲ್ಲೇ ಹೆಣ್ಣುಮಕ್ಕಳು ಬಂದಿದ್ರು.

ಕಾಕತಾಳೀಯ ನೋಡಿ. ದ ಶೋ 24 ಬಿಡುಗಡೆ ಆದದ್ದು ಮಾರ್ಚ್ 19ಕ್ಕೆ. ಎರಡು ದಿನ ಮೊದಲು, ಮಾರ್ಚ್ 17ಕ್ಕೆ, ದಿಲ್ಲಿಯಲ್ಲಿ ನಮ್ಮ ಆರ್‌ಸಿಬಿ ಹುಡುಗಿಯರು ಕಪ್ ಗೆದ್ದಿದ್ರು! ಫೈನಲ್ಲಿನಲ್ಲಿ ನಾಲ್ಕು ವಿಕೆಟ್ ತೆಗೆದ ಶ್ರೇಯಾಂಕಾ ಪಾಟೀಲಳನ್ನು ಹೊನ್ನಾವರದ ಮನೆಯಲ್ಲಿ ಕೂತು ಟಿವಿಯಲ್ಲಿ ನೋಡಿದವಳು ಯಾರು ಗೊತ್ತಾ? ನಮ್ಮ ಆಯಿ. "ಯಾರ ಮನೆ ಕೂಸು ಇದು?" ಅಂತ ನನ್ನ ಹತ್ತಿರ ಕೇಳಿದಳು.

ಎಲ್ಲ ಚೊಲೋ ಆಯ್ತು ಅಂತ ಇಲ್ಲಿಗೆ ಮುಗಿಸಬಹುದಿತ್ತು. ಆದರೆ ನನಗೊಂದು ಕಿರಿಕಿರಿ ಇದೆ, ಹೇಳಿಬಿಡ್ತೇನೆ. ಆ ಸ್ಟೋರಿಲೈನ್ಸು ನಡೆದದ್ದನ್ನು ಹೇಳುತ್ತೆ. ಈ ಹುಡುಗಿಯ ಕಥೆ ಇನ್ನೂ ನಡೆಯದ್ದನ್ನು ನಡೆದ ಹಾಗೆ ತೋರಿಸುತ್ತೆ. ಅಮೆರಿಕದ ದೊಡ್ಡ ಲೀಗಿನಲ್ಲಿ ಈವರೆಗೆ ಒಬ್ಬ ಹೆಂಗಸೂ ಆಡಿಲ್ಲ. ಕೆಲ್ಸಿ ವಿಟ್‌ಮೋರ್ ಅನ್ನುವವಳು 2022ರಲ್ಲಿ ಅಟ್ಲಾಂಟಿಕ್ ಲೀಗಿನಲ್ಲಿ ಗಂಡಸರ ಜತೆ ಆಡಿದ್ದಾಳೆ, ಅದು ಹೊರಗಿನ ಲೀಗು. ಪರದೆ ಮೇಲೆ ಬಾಗಿಲು ತೆಗೆದು, ಮೈದಾನದಲ್ಲಿ ಮುಚ್ಚಿಟ್ಟರೆ ಏನು ಬಂತು?

ಆ ಬಾಗಿಲು ಸೊಸೆಯ ಎದುರಿಗೆ ಬಂದದ್ದೂ 2024ರಲ್ಲೇ. ಅವಳಿಗೆ ಹದಿಮೂರು. ಅಲ್ಲಿವರೆಗೆ ಊರಿನ ಹುಡುಗರ ತಂಡದಲ್ಲೇ ಬೇಸ್‌ಬಾಲ್ ಆಡಿಕೊಂಡಿದ್ದಳು. ಕೋಚು ಬಹಳ ಪ್ರೀತಿಯಿಂದಲೇ ಅಕ್ಕನನ್ನು ಕರೆದು, ಇನ್ನು ಮುಂದೆ ಸಾಫ್ಟ್‌ಬಾಲಿಗೆ ಹಾಕಿ, ಹುಡುಗಿಯರಿಗೆ ಮುಂದೆ ಅವಕಾಶ ಇರೋದು ಅಲ್ಲೇ ಅಂದರಂತೆ. ದೊಡ್ಡ ಚೆಂಡು, ಸಣ್ಣ ಮೈದಾನ, ಕೈ ಕೆಳಗಿಂದ ಎಸೆತ. ಆ ರಾತ್ರಿ ಅಕ್ಕ ನನಗೆ ಫೋನ್ ಮಾಡಿದಳು. ಹಲೋ ಇಲ್ಲ, ಏನಿಲ್ಲ. "ತಮಾ, ಇಲ್ಲೂ ಅದೇ ಥ್ರೋಬಾಲು!"

ಆಮೇಲೆ ನಾನು ಓದಿದೆ. ಸಾಫ್ಟ್‌ಬಾಲ್ ಕೆಟ್ಟ ಆಟ ಅಲ್ಲವೇ ಅಲ್ಲ. ಆದರೆ ಅಮೆರಿಕದ ಮಕ್ಕಳ ಬೇಸ್‌ಬಾಲ್ ಸಂಸ್ಥೆ ಲಿಟ್ಲ್ ಲೀಗ್ ಹುಡುಗಿಯರನ್ನು ಒಳಗೆ ಬಿಟ್ಟದ್ದೇ 1974ರಲ್ಲಿ, ನ್ಯೂಜೆರ್ಸಿಯ ಮರಿಯಾ ಪೆಪೆ ಎಂಬ ಹುಡುಗಿಯ ಪರವಾಗಿ ನಡೆದ ಕೇಸು ಗೆದ್ದ ಮೇಲೆ. ಹುಡುಗಿಯರಿಗಾಗಿ ಸಾಫ್ಟ್‌ಬಾಲ್ ಶುರು ಮಾಡಿದ್ದೂ ಅದೇ ವರ್ಷ. ಒಂದು ಕೈಯಲ್ಲಿ ಬಾಗಿಲು ತೆಗೆದು ಇನ್ನೊಂದು ಕೈಯಲ್ಲಿ ಪಕ್ಕದ ಓಣಿ ತೋರಿಸಿದ ಹಾಗಾಯ್ತು. ಅದಕ್ಕೂ ಮೊದಲು, 1950ರಲ್ಲಿ, ಕ್ಯಾಥರಿನ್ ಜಾನ್ಸ್‌ಟನ್ ಎಂಬ ಹುಡುಗಿ ಜಡೆ ಕತ್ತರಿಸಿಕೊಂಡು ಟಬ್ಬಿ ಅಂತ ಹುಡುಗನ ಹೆಸರು ಹೇಳಿ ತಂಡಕ್ಕೆ ಸೇರಿ ಆಡಿದ್ದಳು. ಮರುವರ್ಷ ಹುಡುಗಿಯರಿಗೆ ಪ್ರವೇಶ ಇಲ್ಲ ಅಂತ ನಿಯಮವೇ ಬಂತು!

ಟಬ್ಬಿಯ ಕಥೆ ಓದಿದಾಗ ನನಗೆ ನಮ್ಮ ಕುಮಟೆಯ ಗಡ್ಡದ ಬ್ಯಾಟ್ಸ್‌ಮನ್ ನೆನಪಾದ. ಗೇಮಿನ ಗ್ರಾಫಿಕ್ಸು, ಬೆವರಿನ ಹನಿ, ಹುಲ್ಲಿನ ಎಸಳು ಎಲ್ಲ ವರ್ಷ ವರ್ಷ ಚಂದ ಆಗ್ತಾ ಹೋಗುತ್ತೆ, ಅದಕ್ಕೆ ಕೊನೆ ಇಲ್ಲ. ನನ್ನ ಮಟ್ಟಿಗೆ ನಿಜವಾದ ಹೊಸತು ಅಂದ್ರೆ ಒಂದೇ. ಅಲ್ಲಿ ಮುಚ್ಚುಮರೆಯಿಲ್ಲದೆ ಯಾರ ಪೂರ್ತಿ ಹೆಸರು ಬರೆಯಬಹುದು ಅನ್ನೋದು. ಗೇಮು ಯಾರನ್ನೂ ಮೈದಾನಕ್ಕೆ ಇಳಿಸೋದಿಲ್ಲ, ಒಪ್ಪುತ್ತೇನೆ. ಆದರೆ ಹದಿಮೂರರ ಹುಡುಗಿಗೆ "ಇದು ನಿನ್ನ ಜಾಗ ಅಲ್ಲ" ಅಂದಾಗ, "ಯಾಕಲ್ಲ? ನಾನು ಆಡಿ ನೋಡಿದ್ದೇನಲ್ಲ" ಅಂತ ಕೇಳುವ ಧೈರ್ಯ ಅಲ್ಲಿಂದಲೂ ಬರಬಹುದು. ಸೊಸೆ ಕೋಚಿನ ಹತ್ತಿರ ಕೇಳಿದ್ದು ಇದನ್ನೇ. ಜತೆಗೆ ಟೋನಿ ಸ್ಟೋನ್ ಹೆಸರನ್ನೂ ಹೇಳಿದಳಂತೆ.

ಅಕ್ಕ ಅವಳನ್ನು ಬೇಸ್‌ಬಾಲಿನಲ್ಲೇ ಬಿಟ್ಟಳು. ಭಾವನಿಗೆ ಸ್ವಲ್ಪ ಅಂಜಿಕೆ ಇತ್ತು, ಚೆಂಡು ಗಟ್ಟಿ, ಹುಡುಗರು ದೊಡ್ಡವರಾಗ್ತಾ ಇದ್ದಾರೆ ಅಂತ. ಆಯಿಯನ್ನು ಕೇಳುವ ಅಂತ ಒಂದು ಭಾನುವಾರ ವಿಡಿಯೋ ಕಾಲ್ ಹಾಕಿದ್ರು. ಅಲ್ಲಿ ಬೆಳಿಗ್ಗೆ, ಇಲ್ಲಿ ರಾತ್ರಿ ಊಟದ ಹೊತ್ತು. ಮೈದಾನದಲ್ಲಿ ಸೊಸೆ ಎರಡನೇ ಬೇಸಿನ ಹತ್ತಿರ ಚೆಂಡು ಹಿಡಿದು ಎಸೆಯೋದನ್ನು ಅಕ್ಕ ಫೋನಿನಲ್ಲಿ ತೋರಿಸಿದಳು. ಆಯಿ ಕನ್ನಡಕ ಹಾಕ್ಕೊಂಡು ಸುಮಾರು ಹೊತ್ತು ನೋಡಿದಳು. ಅಕ್ಕ ಆ ಕಡೆ, ನಾನು ಈ ಕಡೆ, ಇಬ್ಬರೂ ಸುಮ್ಮನೆ.

"ಆಡ್ಲಿ ಬಿಡೇ" ಅಂದಳು ಆಯಿ. "ಎಸೆಯೂದೆಲ್ಲಾ ನಿನ್ನಂಗೇ."

2025ರಲ್ಲಿ ಅವಳು ಅದೇ ತಂಡದಲ್ಲಿ, ಎರಡನೇ ಬೇಸಿನಲ್ಲೇ ಆಡಿದಳು. ಬ್ಯಾಟಿಂಗ್ ಅಷ್ಟಕ್ಕಷ್ಟೇ, ಮೂರು ಬೀಸಿಗೆ ಔಟಾಗಿ ಬರೋದೇ ಜಾಸ್ತಿ. ನಾಲ್ಕು ವೈಡ್ ಬರುವ ತನಕ ಸುಮ್ಮನೆ ನಿಲ್ಲೋದನ್ನು ಅಕ್ಕ ಹೇಳಿಕೊಡ್ತಾ ಇದ್ದಾಳೆ. :-)